ಆನೆ ಬಂದರೆ ಯಾರು ಬಾರಿಸಬೇಕು

ಸಿದ್ದಾಪುರದ ಹತ್ತಿರದ ಒಂದು ಕಾಫಿ ಎಸ್ಟೇಟಿನ ಶಾಲೆಗೆ ನಾನು ಟೀಚರಾಗಿ ಹೋದಾಗ ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ನನ್ನ ನೇಮಕದ ಕಾಗದಕ್ಕೆ ಮೈಸೂರಿನ ಮೊಹರು ಬಿದ್ದಿತ್ತು. ಶಾಲೆಯ ಕಪಾಟಿನ ಮೇಲೆ ಮಾತ್ರ ಹಳೆಯ ಕೂರ್ಗ್ ಸರಕಾರದ ಹೆಸರು ಹಾಗೇ ಇತ್ತು, ಯಾರೂ ಅಳಿಸಿರಲಿಲ್ಲ. ನನ್ನ ತಂದೆ ಮಡಿಕೇರಿಯ ಒಂದು ದೇವಸ್ಥಾನದಲ್ಲಿ ಅರ್ಚಕರು. ಮದುವೆಯಾಗದ ಮಗಳನ್ನು ಕಾಡಿನ ಮಗ್ಗುಲಿಗೆ ಒಬ್ಬಳನ್ನೇ ಕಳಿಸುವುದು ಹೇಗೆ ಎಂದು ಯೋಚಿಸಿ, ತಮ್ಮ ತಂಗಿಯನ್ನು ನನ್ನ ಜೊತೆ ಮಾಡಿದರು. ಈ ಸೋದರತ್ತೆ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಜಿರಲೆ ಕಂಡರೆ ಕಿರುಚುತ್ತಿದ್ದರು, ಮನುಷ್ಯರಿಗೆ ಮಾತ್ರ ಹೆದರುತ್ತಿರಲಿಲ್ಲ.

ಎಸ್ಟೇಟು ಒಂದೇ ಇಳಿಜಾರಿನಲ್ಲಿತ್ತು. ಎಲ್ಲಕ್ಕಿಂತ ಮೇಲೆ, ಕಾಡಿನ ಅಂಚಿಗೆ, ಸೈನ್ಯದಿಂದ ನಿವೃತ್ತರಾಗಿ ಬಂದ ಒಬ್ಬ ಕೊಡವ ಸುಬೇದಾರರ ಮನೆ. ಅವರದು ಬೇರೆಯೇ ಸಣ್ಣ ತೋಟ. ಅದರ ಕೆಳಗೆ ಎಸ್ಟೇಟಿನ ಆಫೀಸು, ಗೋದಾಮು, ಬೆಳಿಗ್ಗೆ ಆಳುಗಳ ಹಾಜರಿ ತೆಗೆದುಕೊಳ್ಳುವ ಅಂಗಳ. ಅದಕ್ಕೆ ಸ್ವಲ್ಪ ಓರೆಯಾಗಿ ನಮ್ಮ ಶಾಲೆ, ಶಾಲೆಗೆ ಅಂಟಿಕೊಂಡೇ ನಾವು ವಾಸವಿದ್ದ ಎರಡು ಕೋಣೆ. ಇನ್ನೂ ಕೆಳಗೆ ಆಳುಗಳ ಸಾಲುಮನೆಗಳ ಲೈನುಗಳು, ಒಂದಕ್ಕೊಂದು ಬೆನ್ನು ಕೊಟ್ಟು ಕೂತ ಹಾಗೆ. ತೀರಾ ತಗ್ಗಿನಲ್ಲಿ ಹೊಳೆ, ಹೊಳೆಯ ದಡದಲ್ಲಿ ಕಲ್ಲಿನ ಪಂಪ್‌ಹೌಸು. ಲೈನಿನಲ್ಲಿ ತಮಿಳರು, ಮಲಯಾಳಿಗಳು, ತುಳುವರು, ಎರವರು ಎಲ್ಲರೂ ಇದ್ದರು. ಒಂದು ಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕಿದರೆ ಮೂರು ಮನೆಗೆ ಕೆಮ್ಮು ಬರುತ್ತಿತ್ತು, ಅಷ್ಟು ಒತ್ತಾಗಿ ಬದುಕುತ್ತಿದ್ದರು.

ಆ ವರ್ಷ ಮಳೆ ತಡವಾಯಿತು. ಶಾಲೆ ಶುರುವಾದರೂ ಬಿಸಿಲು ಇಳಿದಿರಲಿಲ್ಲ, ತೋಟದ ತುಂಬ ಹಲಸಿನ ಹಣ್ಣಿನ ವಾಸನೆ. ಅದನ್ನು ಹಿಡಿದು ಒಂದು ಒಂಟಿ ಸಲಗ ಕಾಡಿನಿಂದ ಇಳಿಯಲು ಶುರು ಮಾಡಿತು. ಮೊದಮೊದಲು ಲದ್ದಿ ಮಾತ್ರ ಕಾಣುತ್ತಿತ್ತು, ಆಮೇಲೆ ಮುರಿದ ಬೇಲಿ.

ಒಂದು ಸಂತೆಯ ದಿನ, ಸಂಜೆ, ಇನ್ನೂ ಬೆಳಕು ಇರುವಾಗಲೇ, ಮೇಲಿನ ಲೈನಿನಲ್ಲಿ ಯಾರೋ ಹೆಂಗಸು ಆನೆಯನ್ನು ಕಂಡು ಕೂಗಿಕೊಂಡಳು. ಪಕ್ಕದ ಮನೆಯವರು ತಗಡಿನ ಡಬ್ಬ ಬಾರಿಸಿದರು. ಅದನ್ನು ಕೇಳಿ ಅವರ ಪಕ್ಕದವರು. ಕ್ಷಣದಲ್ಲಿ ಎಲ್ಲ ಲೈನುಗಳಲ್ಲೂ ಡಬ್ಬ, ಕೊಡ, ಬೋಗುಣಿ. ನಾನೂ ಅಡಿಗೆಮನೆಗೆ ಓಡಿ ಹಿತ್ತಾಳೆ ಹರಿವಾಣ ಎತ್ತಿಕೊಂಡು ಸೌಟಿನಿಂದ ಬಡಿಯತೊಡಗಿದೆ. ಯಾಕೆ ಎಂದು ಯೋಚಿಸಲಿಲ್ಲ. ಬಡಿಯುತ್ತಿದ್ದರೆ ಹೆದರಿಕೆ ಕಡಿಮೆಯಾಗುತ್ತಿತ್ತು, ಅಷ್ಟೇ. ಎದುರಿನ ಗುಡ್ಡ ಆ ಸದ್ದನ್ನೆಲ್ಲ ತಿರುಗಿ ನಮ್ಮ ಮೇಲೇ ಎಸೆಯಿತು. ಆನೆ ಎಲ್ಲಿದೆ ಎಂದು ಕೇಳಿದರೆ ಕೆಲವರು ಮೇಲೆ ಎಂದರು, ಕೆಲವರು ಕೆಳಗೆ ಎಂದರು. ಯಾರು ಕಣ್ಣಾರೆ ಕಂಡು ಹೇಳಿದ್ದು, ಯಾರು ಕೇಳಿ ಹೇಳಿದ್ದು ಎಂದು ತಿಳಿಯುವ ಹಾಗಿರಲಿಲ್ಲ.

"ಹೊಳೆ ಕಡೆ ಹೋಯ್ತು!" ಎಂದು ಮೇಲಿನಿಂದ ಒಬ್ಬ ಕೂಗಿದ. ಅದು ನನಗೆ ಸ್ಪಷ್ಟವಾಗಿ ಕೇಳಿಸಿತು. ಆ ಮಾತನ್ನು ಒಬ್ಬರಿಂದ ಒಬ್ಬರು ಹಿಡಿದು ಕೂಗುತ್ತ ಹೋದರು, ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಭಾಷೆಯಾಯಿತು. ಎಸ್ಟೇಟಿನ ಗೇಟಿನ ಹತ್ತಿರ ತಲುಪುವಾಗ ಅದು "ಹೊಳೆ ಕಡೆ ಹೋಗಿ!" ಎಂದಾಗಿತ್ತು.

ಗೇಟಿನಲ್ಲಿ ಆಗ ತಾನೇ ಸಂತೆಯಿಂದ ಒಬ್ಬ ಆಳು ಬಂದು ನಿಂತಿದ್ದ. ಅವನ ಮಗಳು ನನ್ನ ಶಾಲೆಯಲ್ಲಿ ಒಂದನೇ ಕ್ಲಾಸು. ಅವನು ಸದ್ದು ಕೇಳಿ ಗಾಬರಿಯಾಗಿ, ಜನ ಹೇಳಿದ ಕಡೆಗೇ ಓಡಿದ. ಹೊಳೆಯ ದಾರಿಯ ತಿರುವಿನಲ್ಲಿ ಆನೆ ನಿಂತಿತ್ತು.

ಅವನನ್ನು ನಾನು ನೋಡಲಿಲ್ಲ, ಅತ್ತೆ ನೋಡಗೊಡಲಿಲ್ಲ. ಆದರೆ ಅವನ ಹೆಂಡತಿಯನ್ನು ನೋಡಿದೆ. ಆಕೆ ತನ್ನ ಮನೆಯ ಬಾಗಿಲಲ್ಲಿ ಸೀಮೆಎಣ್ಣೆ ಡಬ್ಬ ಹಿಡಿದುಕೊಂಡು ಇನ್ನೂ ಬಾರಿಸುತ್ತಲೇ ಇದ್ದಳು. ಸುತ್ತಮುತ್ತಲಿನ ಸದ್ದು ಒಂದೊಂದಾಗಿ ನಿಂತಿತು. ಕೊನೆಗೆ ಅವಳ ಡಬ್ಬ ಒಂದೇ ಉಳಿಯಿತು. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂದು ಕಂಡಾಗ ಅವಳ ಕೈ ನಿಂತಿತು.

ಆ ವಾರವೇ ಸುಬೇದಾರರು ಶಾಲೆಯಲ್ಲಿ ಜನರನ್ನು ಸೇರಿಸಿದರು. ಎತ್ತರದ ಆಳು, ದನಿ ಮೆತ್ತಗೆ. ಸೈನ್ಯದಲ್ಲಿ ಅವರ ಕೆಲಸ ವೈರ್‌ಲೆಸ್ ಪೆಟ್ಟಿಗೆಯ ಮುಂದೆ ಕೂರುವುದು. ಬರ್ಮಾದ ಕಾಡಿನಲ್ಲಿ ವರ್ಷಗಟ್ಟಲೆ ಅದನ್ನೇ ಮಾಡಿದ್ದರಂತೆ.

ಹಾಜರಿ ತೆಗೆದುಕೊಳ್ಳುವ ಮೇಸ್ತ್ರಿ ಮೊದಲು ಬಾಯಿಬಿಟ್ಟ. "ಆನೆ ಕಂಡ ಕೂಡಲೇ ನೀವು ಕೋವಿ ಹಾರಿಸಿಬಿಡಿ ಸ್ವಾಮಿ. ಎಲ್ಲರಿಗೂ ಕೇಳುತ್ತೆ."

"ಕೋವಿ ಬೇಡ ಮಾರಾಯ," ಎಂದರು ಸುಬೇದಾರರು. "ನಮ್ಮಲ್ಲಿ ಒಂದು ಗುಂಡು ಹಾರಿದರೆ ಗಂಡು ಮಗು ಹುಟ್ಟಿತು ಅಂತ, ಎರಡು ಹಾರಿದರೆ ಸಾವು ಅಂತ. ಗುಡ್ಡದ ಆಚೆಯಿಂದ ನೆಂಟರೆಲ್ಲ ಬಂದು ನಿಂತರೆ ಅವರಿಗೆ ಎಂತ ಹೇಳುವುದು?"

ಯಾರಿಗೂ ನಗು ಬರಲಿಲ್ಲ. ಅವರು ಮುಂದುವರಿಸಿದರು. "ಯುದ್ಧದಲ್ಲಿ ನಮಗೂ ಇದೇ ಆಗುತ್ತಿತ್ತು. ಹತ್ತಿರ ಹತ್ತಿರವೇ ನಮ್ಮ ಪೆಟ್ಟಿಗೆಗಳು. ಒಂದು ಕಡೆ ಸುದ್ದಿ ಬಂದರೆ ಎಲ್ಲರೂ ಅದನ್ನು ಮುಂದಕ್ಕೆ ದಾಟಿಸಲು ಹೊರಡುವುದು. ಇಬ್ಬರು ಒಟ್ಟಿಗೆ ಮಾತಾಡಿದರೆ ಮೂರನೆಯವನಿಗೆ ಬರೀ ಗರಗರ. ಒಂದೇ ಸುದ್ದಿ ಸುತ್ತಿ ಸುತ್ತಿ ಬರುವುದು, ಹೊಸ ಸುದ್ದಿಗೆ ಒಳಗೆ ಬರಲು ಜಾಗವೇ ಇಲ್ಲ. ಆಮೇಲೆ ಒಂದು ಕ್ರಮ ಮಾಡಿದೆವು. ಎಲ್ಲರೂ ಕೇಳುವುದು, ದಾಟಿಸುವುದು ಮಾತ್ರ ಕೆಲವರು. ಆ ಕೆಲವರನ್ನು ನೋಡಿ ಆರಿಸಬೇಕು. ಅವರಲ್ಲಿ ಒಬ್ಬನ ಸದ್ದಾದರೂ ಪ್ರತಿಯೊಬ್ಬನಿಗೆ ತಲುಪಬೇಕು."

ಮಾರನೆಯ ದಿನ ಕೆಲಸಕ್ಕೆ ಮುಂಚೆ ಪರೀಕ್ಷೆ ನಡೆಯಿತು. ಸುಬೇದಾರರು ತಮ್ಮ ಮನೆಯ ಮುಂದೆ ನಿಂತು ಕೊಂಬು ಊದಿದರು. ಒಂದೊಂದು ಮನೆಯ ಮುಂದೆ ಒಬ್ಬೊಬ್ಬರು ನಿಂತು, ಕೇಳಿಸಿದರೆ ಟವಲು ಬೀಸಬೇಕು. ಕೊಂಬು ಹಾಜರಿ ಅಂಗಳದ ತನಕ ಚೆನ್ನಾಗಿ ಕೇಳಿಸುತ್ತಿತ್ತು, ಲೈನಿಗೆ ಇಲ್ಲ. ಅಂಗಳದಲ್ಲಿ ಆಳುಗಳನ್ನು ಕರೆಯಲು ತೂಗುಹಾಕಿದ್ದ ರೈಲು ಹಳಿಯ ತುಂಡನ್ನು ಬಡಿದರೆ ಎಲ್ಲ ಲೈನುಗಳಿಗೂ, ಪಂಪ್‌ಹೌಸಿಗೂ ಕೇಳಿಸುತ್ತಿತ್ತು. ಪಂಪ್‌ಹೌಸಿನ ಡೀಸೆಲ್ ಡ್ರಮ್ಮಿನ ಸದ್ದು ಹೊಳೆಯುದ್ದಕ್ಕೂ ಕೆಳಗಿನ ತೋಟಕ್ಕೆ ಹೋಗುತ್ತಿತ್ತು. ಹಾಗಾಗಿ ಮೂರೇ ಸದ್ದು ಸಾಕೆಂದಾಯಿತು. ಒಂದನ್ನು ಕೇಳಿ ಮುಂದಿನವರು ಬಡಿಯಬೇಕು, ಅದು ಕೇಳಿದ ಕೂಡಲೇ ಹಿಂದಿನವರು ನಿಲ್ಲಿಸಬೇಕು. ಆನೆ ಕಾಡಿನ ಕಡೆಯಿಂದ ಇಳಿದರೆ ಒಂಟಿ ಪೆಟ್ಟು, ಬಿಟ್ಟು ಬಿಟ್ಟು. ಹೊಳೆ ಕಡೆಯಿಂದ ಹತ್ತಿದರೆ ಜೋಡಿ ಪೆಟ್ಟು. ಒಂಟಿ ಕೇಳಿದರೆ ತೋಟದಲ್ಲಿದ್ದವರು ಹೊಳೆಗೆ ಇಳಿದು ಪಂಪ್‌ಹೌಸು ಸೇರಬೇಕು, ಜೋಡಿ ಕೇಳಿದರೆ ಹತ್ತಿ ಗೋದಾಮು ಸೇರಬೇಕು. ಉಳಿದವರು ಬಾಗಿಲು ಹಾಕಿಕೊಂಡು ಸುಮ್ಮನಿರಬೇಕು.

ಪರೀಕ್ಷೆ ಮುಗಿದು ಶಾಲೆಯಲ್ಲಿ ಮತ್ತೆ ಸೇರಿದಾಗ ಆ ಸುಮ್ಮನಿರುವ ಮಾತಿಗೇ ಜಗಳ ಹುಟ್ಟಿತು. "ನಮ್ಮ ಲೈನಿಗೆ ಯಾಕೆ ಒಂದು ಡಬ್ಬ ಕೂಡ ಇಲ್ಲ? ನಾವೇನು ಮನುಷ್ಯರಲ್ಲವಾ?" ಎಂದು ಒಬ್ಬ ಮುದುಕ ಎದ್ದು ನಿಂತ. ಪ್ರತಿ ಲೈನಿಗೂ ತನ್ನದೇ ಸದ್ದು ಬೇಕಿತ್ತು. ಬಾರಿಸುವವರನ್ನು ಆರಿಸಿದ್ದು ಅವರಿಗೆ ದೊಡ್ಡ ಮರ್ಯಾದೆಯಾಗಿ ಕಂಡಿತ್ತು, ಬಿಟ್ಟದ್ದು ಅವಮಾನವಾಗಿ.

ಆಗ ಗೋಡೆಗೆ ಒರಗಿ ಕೂತಿದ್ದ ಆ ಸತ್ತವನ ಹೆಂಡತಿ ಮಾತಾಡಿದಳು. ಅವಳದು ತಮಿಳು ಬೆರೆತ ಕನ್ನಡ. "ಅವತ್ತು ನಾನೂ ಬಾರಿಸಿದೆ. ನಮ್ಮನೆಯವರು ಕೂಗಿದ್ರಂತೆ. ಆಚೆ ತೋಟದವರಿಗೆಲ್ಲ ಕೇಳ್ಸಿದೆ. ನನ್ನ ಡಬ್ಬದ ಸದ್ದಿನಲ್ಲಿ ನನಗೇ ಕೇಳ್ಸಲಿಲ್ಲ."

ಮುದುಕ ಕೂತುಕೊಂಡ.

ಹೊರಡುವಾಗ ಸುಬೇದಾರರು ನನ್ನನ್ನು ಕರೆದರು. "ಟೀಚರೇ, ನಿಮ್ಮ ಶಾಲೆಯ ಗಂಟೆಯೂ ಲೈನಿಗೆ ಕೇಳುತ್ತದೆ. ಆದರೆ ಹಳಿ ಬಡಿದರೆ ನೀವು ಬಾರಿಸಬಾರದು. ಹಳಿ ಕೇಳದೆ ಹೋದರೆ ಮಾತ್ರ."

"ಕೇಳಲಿಲ್ಲ ಅಂತ ಹೇಗೆ ತಿಳಿಯೋದು? ಬಡಿದದ್ದು ನನಗೆ ಕೇಳದೇ ಹೋಗಿದ್ದರೆ?"

"ಅದಕ್ಕೇ ಸ್ವಲ್ಪ ಕಾಯಬೇಕು. ನೋಡಿ, ಹಳಿಯ ಒಂದು ಪೆಟ್ಟು, ಅದರ ಬೆನ್ನಿಗೇ ನಿಮ್ಮ ಗಂಟೆಯ ಒಂದು ಪೆಟ್ಟು ಬಿತ್ತು ಅಂತಿಟ್ಟುಕೊಳ್ಳಿ. ಕೆಳಗಿದ್ದವರಿಗೆ ಅದು ಜೋಡಿ. ಅವರು ಹತ್ತಿ ಬರುತ್ತಾರೆ, ಸೀದಾ ಆನೆಯ ಬಾಯಿಗೆ."

ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು. ಅಲ್ಲಿಯವರೆಗೆ ಆನೆಯ ಹೆದರಿಕೆ ಒಂದೇ ಇತ್ತು. ಈಗ ನನ್ನ ಕೈಯದ್ದೇ ಹೆದರಿಕೆ.

ಆಮೇಲೆ ಎರಡು ಸಲ ಆನೆ ಬಂದಿತು. ಕೊಂಬು, ಹಳಿ, ಡ್ರಮ್ಮು, ಅಷ್ಟೇ. ಆಮೇಲೆ ಇಡೀ ಇಳಿಜಾರು ಉಸಿರು ಹಿಡಿದ ಹಾಗೆ ಮೌನವಾಗುತ್ತಿತ್ತು. ಗದ್ದಲವಿದ್ದಾಗ ಎಷ್ಟು ಜನ ಜೊತೆಗಿದ್ದಾರೆ ಎನಿಸುತ್ತಿತ್ತು. ಈ ಮೌನದಲ್ಲಿ ಪ್ರತಿ ಮನೆಯೂ ಒಂಟಿ. ಅತ್ತೆ ದೇವರ ಮುಂದೆ ಕೂತು ಬರೀ ತುಟಿ ಆಡಿಸುತ್ತಿದ್ದರು. ಕೊಂಬೆ ಮುರಿಯುವ ಸದ್ದು ಕೇಳಿಸುತ್ತಿತ್ತು, ಆನೆಯ ಹೊಟ್ಟೆಯೊಳಗಿನ ಗುಡುಗು ಕೂಡ. ಮೊದಲು ಇವೆಲ್ಲ ನಮಗೆ ಕೇಳಿಸಿಯೇ ಇರಲಿಲ್ಲ. ಎರಡು ಸಲವೂ ಯಾರಿಗೂ ಏನೂ ಆಗಲಿಲ್ಲ.

ಮೂರನೆಯ ಸಲ ಬಂದದ್ದು ಮಳೆ ಹಿಡಿದ ಮೇಲೆ, ಮಧ್ಯಾಹ್ನ. ಹೆಂಗಸರೆಲ್ಲ ಶಾಲೆಯ ಕೆಳಗಿನ ತೋಟದಲ್ಲಿ ಕಳೆ ತೆಗೆಯುತ್ತಿದ್ದರು. ಗಂಡಸರು ಹೊಳೆಯ ಆಚೆಗೆ ಮರ ಕಡಿಯಲು ಹೋಗಿದ್ದರು. ಮಕ್ಕಳು ನನ್ನ ಮುಂದೆ ಕೂತು ಮಗ್ಗಿ ಹೇಳುತ್ತಿದ್ದರು. ತಗಡಿನ ಮಾಡಿನ ಮೇಲೆ ಮಳೆ ಸುರಿದು ಅವರ ಬಾಯಿ ಆಡುವುದು ಮಾತ್ರ ಕಾಣುತ್ತಿತ್ತು. ಆಗ ಆ ಸದ್ದಿನ ಒಳಗೆ, ತುಂಬ ದೂರದಲ್ಲಿ, ಏನೋ ದನಿ ಎಳೆದ ಹಾಗಾಯಿತು. ಮಕ್ಕಳಿಗೆ ಕೈಸನ್ನೆ ಮಾಡಿ ಜಗುಲಿಗೆ ಬಂದೆ.

ಕೊಂಬು. ಒಂದು ಸಲ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಒಂದು ಸಲ.

ಹಳಿಗೆ ಕಾದೆ. ಹಳಿ ಬಡಿಯಲಿಲ್ಲ. ಅಥವಾ ಬಡಿದಿದ್ದು ಮಳೆಯಲ್ಲಿ ಮುಳುಗಿತೋ. ಗಂಟೆ ನನ್ನ ತಲೆಯ ಮೇಲೇ ತೂಗುತ್ತಿತ್ತು, ಮರದ ಕೊಡತಿ ಕೈಯಲ್ಲಿತ್ತು.

ಅತ್ತೆ ಹಿಂದಿನ ಬಾಗಿಲಿನಿಂದ ಓಡಿ ಬಂದರು. "ಬಾರಿಸೇ! ಯಾಕೆ ನಿಂತಿದ್ದಿ?"

"ತಾಳಿ ಅತ್ತೆ."

"ಎಂತ ತಾಳೋದು? ಕೆಳಗೆ ಹೆಂಗಸರಿದ್ದಾರೆ!"

"ಹಳಿ ಬಡಿಯುತ್ತಿರುವಾಗ ನಾನೂ ಬಾರಿಸಿದರೆ ಅವರು ಸಾಯುತ್ತಾರೆ ಅತ್ತೆ. ಬಡಿಯದೇ ಇದ್ದರೆ ನಾನು ಬಾರಿಸದೇ ಇದ್ದರೂ ಸಾಯುತ್ತಾರೆ. ಸುಮ್ಮನಿರಿ, ಕೇಳಲು ಬಿಡಿ."

ಅತ್ತೆ ನನ್ನ ಮುಖ ನೋಡಿ ಬಾಯಿಗೆ ಸೆರಗು ಇಟ್ಟುಕೊಂಡರು. ಇಬ್ಬರೂ ಅಂಗಳದ ಕಡೆಗೆ ಕಿವಿಕೊಟ್ಟೆವು. ಮಳೆ. ಮತ್ತೆ ಮಳೆ. ಮತ್ತೆ ಕೊಂಬು. ಆಗ ನನಗೆ ಹೊಳೆಯಿತು: ಹಳಿಯ ಸದ್ದು ಸುಬೇದಾರರ ಮನೆಗೂ ಕೇಳುತ್ತದೆ, ಅದು ಕೇಳಿದ ಕೂಡಲೇ ಅವರು ಊದುವುದನ್ನು ನಿಲ್ಲಿಸುತ್ತಿದ್ದರು. ಇನ್ನೂ ಊದುತ್ತಿದ್ದಾರೆ ಎಂದರೆ ಅವರಿಗೂ ಕೇಳಿಸಿಲ್ಲ. ಅವರಿಗೂ ಇಲ್ಲ, ನನಗೂ ಇಲ್ಲ.

ಬಾರಿಸಿದೆ. ಒಂದು ಪೆಟ್ಟು. ಅದರ ನಾದ ಪೂರ್ತಿ ಸಾಯುವವರೆಗೆ ಕಾದು ಇನ್ನೊಂದು. ಕೈ ಜೋಡಿ ಪೆಟ್ಟಿಗೆ ಹಾತೊರೆಯುತ್ತಿತ್ತು. ಒಂದೇ ಸಮನೆ ಬಡಿ, ಬಡಿ ಎಂದು ಮೈಯೆಲ್ಲ ಹೇಳುತ್ತಿತ್ತು. ಎಡಗೈಯಲ್ಲಿ ಬಲಗೈಯ ಮಣಿಕಟ್ಟು ಹಿಡಿದುಕೊಂಡು ಒಂದು, ಮತ್ತೆ ಕಾದು ಒಂದು ಬಾರಿಸಿದೆ. ಕೆಳಗಿನಿಂದ ಯಾವ ಉತ್ತರವೂ ಬರಲಿಲ್ಲ.

"ಅಗೋ," ಎಂದರು ಅತ್ತೆ, ಉಸಿರಿನಲ್ಲೇ.

ಸಿಲ್ವರ್ ಓಕ್ ಮರಗಳ ನಡುವೆ ಮಳೆಗಿಂತ ಕಪ್ಪಾದ ಏನೋ ಇಳಿದು ಬರುತ್ತಿತ್ತು. ನಾವು ಒಳಗೆ ಹೋಗಿ ಬಾಗಿಲಿಗೆ ಅಗುಳಿ ಹಾಕಿದೆವು. ಮಕ್ಕಳನ್ನು ಕಿಟಕಿಯಿಂದ ದೂರದ ಮೂಲೆಗೆ ಸೇರಿಸಿದೆವು. ಅಷ್ಟು ಸಣ್ಣ ಮಕ್ಕಳು, ಒಬ್ಬರಾದರೂ ಅಳಲಿಲ್ಲ. ಸತ್ತವನ ಮಗಳು ಮಾತ್ರ ನಡುಗುತ್ತ ಬಾಯಿ ತೆರೆದಳು. ಅತ್ತೆ ಅವಳನ್ನು ತೊಡೆಯ ಮೇಲೆ ಎಳೆದುಕೊಂಡು ಸೆರಗಿನೊಳಗೆ ಮುಚ್ಚಿಬಿಟ್ಟರು.

ಶಾಲೆಯ ಪಕ್ಕದಲ್ಲೇ ಒಂದು ಹಲಸಿನ ಮರವಿತ್ತು. ಆನೆ ಅದರ ಬುಡಕ್ಕೆ ಹಣೆ ಇಟ್ಟು ನೂಕಿತು. ಹಣ್ಣುಗಳು ನೆಲಕ್ಕೆ ಬಿದ್ದು ಒಡೆದವು, ಒಂದೊಂದು ಬಿದ್ದಾಗಲೂ ನೆಲ ಅದುರಿತು. ಸಿಹಿ ವಾಸನೆ ಒಳಗೆಲ್ಲ ತುಂಬಿತು. ಕಿಟಕಿಯ ಸರಳುಗಳ ಆಚೆ ಅದರ ಪಕ್ಕೆ ಮಾತ್ರ ಕಾಣುತ್ತಿತ್ತು, ಒದ್ದೆ ಗೋಡೆಯ ಹಾಗೆ, ಉಸಿರಿಗೆ ಉಬ್ಬಿ ಇಳಿಯುತ್ತ. ಈ ಗೋಡೆ ಮಣ್ಣಿನದು, ಅದು ಮೈ ತಿಕ್ಕಿದರೆ ಸಾಕು ಎಂದು ಯೋಚಿಸಿದೆ. ಅದಕ್ಕಿಂತ ಹೆಚ್ಚಾಗಿ ಕೆಳಗಿನ ತೋಟವನ್ನು ಯೋಚಿಸಿದೆ. ಅವರಿಗೆ ಕೇಳಿಸಿತೋ ಇಲ್ಲವೋ. ತಾಯಂದಿರು ಮಕ್ಕಳನ್ನು ನೆನೆದು ಈ ಕಡೆಗೇ ಹತ್ತಿ ಬರುತ್ತಿದ್ದಾರೋ.

ಆಗ ಹೊಳೆಯ ಕಡೆಯಿಂದ ಡ್ರಮ್ಮಿನ ಸದ್ದು ಬಂತು. ಧಂ. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಧಂ.

ಒಂಟಿ ಪೆಟ್ಟು. ನನ್ನ ಗಂಟೆ ಅಲ್ಲಿಗೆ ತಲುಪಿತ್ತು. ನೆಲದ ಮೇಲೆ ಕೂತೆ. ಆನೆ ಆ ಸದ್ದಿಗೆ ಕಿವಿ ಅಗಲಿಸಿ ನಿಂತಿತು. ಕೆಳಗೆ ಇಳಿಯುತ್ತದೆಯೋ ಎಂದು ಮತ್ತೆ ಜೀವ ಬಾಯಿಗೆ ಬಂತು. ಅದು ಇನ್ನೊಂದು ಹಣ್ಣು ತಿಂದು, ಅಡ್ಡಲಾಗಿ ಬಿದಿರು ಮೆಳೆಯ ಕಡೆಗೆ ನಡೆದು ಹೋಯಿತು. ಬಿದಿರು ಸಿಡಿಯುವ ಸದ್ದು ದೂರವಾಗುತ್ತ ಹೋಯಿತು.

ಮೊದಲು ಬಂದವರು ಸುಬೇದಾರರು. ತೊಯ್ದು ತೊಪ್ಪೆಯಾಗಿದ್ದರು, ತುಟಿಯಲ್ಲಿ ರಕ್ತವಿತ್ತು. ಜಗುಲಿಯ ಮೆಟ್ಟಿಲ ಮೇಲೆ ಕೂತು ನೀರು ಕೇಳಿದರು.

"ಗಂಟೆ ಬಾರಿಸಿದಿರಾ?"

"ಬಾರಿಸಿದೆ. ನಿಮಗೆ ಕೇಳಿಸಲಿಲ್ಲವೇ?"

"ಇಲ್ಲ," ಎಂದರು. ಒಂದು ಗುಟುಕು ಕುಡಿದರು. "ನನಗೆ ಏನೂ ಕೇಳಿಸಲಿಲ್ಲ ಟೀಚರೇ. ಉಸಿರು ಇರುವ ತನಕ ಊದಿದೆ. ಇಲ್ಲಿ ಎಂತ ನೋಡಬೇಕೋ ಅಂತ ಅಂದುಕೊಳ್ಳುತ್ತಲೇ ಇಳಿದು ಬಂದೆ."

ಮೇಸ್ತ್ರಿ ಗೋದಾಮಿನಲ್ಲಿ ಸಿಕ್ಕಿಬಿದ್ದಿದ್ದ. ಅವನು ಹಳಿಯ ಕಡೆಗೆ ಓಡುವ ಮುಂಚೆಯೇ ಆನೆ ಅಂಗಳಕ್ಕೆ ಇಳಿದು ಅವನಿಗೂ ಹಳಿಗೂ ನಡುವೆ ನಿಂತಿತ್ತಂತೆ. ಕಾಫಿ ಮೂಟೆಗಳ ಹಿಂದೆ ಅವಿತು ಕೂತಿದ್ದ.

ಮಳೆ ಸ್ವಲ್ಪ ಬಿಟ್ಟ ಮೇಲೆ ಹೆಂಗಸರು ಹತ್ತಿ ಬಂದರು. ಅವರಿಂದಲೇ ಕೆಳಗೆ ನಡೆದದ್ದು ತಿಳಿಯಿತು. ಹಳಿಯ ಬದಲು ಶಾಲೆಯ ಗಂಟೆ ಕೇಳಿದಾಗ ಅವರೆಲ್ಲ ಬೆಚ್ಚಿಬಿದ್ದರಂತೆ. ಶಾಲೆಗೇ ಏನೋ ಆಗಿದೆ ಎಂದು ಮಕ್ಕಳ ಹೆಸರು ಕೂಗುತ್ತ ಮೇಲಕ್ಕೆ ಓಡಲು ಹೊರಟರಂತೆ. ಆಗ ಆ ಗಂಡ ಸತ್ತ ಹೆಂಗಸು ದಾರಿಗೆ ಅಡ್ಡ ನಿಂತು, ಕಳೆಯ ಕತ್ತಿ ಎತ್ತಿ ಹಿಡಿದಳಂತೆ. "ಗಂಟೆ ಬಾರಿಸ್ತಾ ಇದಾರೆ ಅಂದ್ರೆ ಟೀಚರಮ್ಮ ಇದಾರೆ. ಟೀಚರಮ್ಮ ಇದ್ರೆ ಮಕ್ಕಳು ಒಳಗಿದಾವೆ. ಒಂದೇ ಪೆಟ್ಟು. ಎಲ್ಲಾ ಕೆಳಗೆ ನಡೀರಿ. ಯಾರೂ ಕೂಗಬೇಡಿ." ಒಬ್ಬಳನ್ನು ಜುಟ್ಟು ಹಿಡಿದು ಎಳೆದುಕೊಂಡು ಹೋದಳಂತೆ. ಪಂಪ್‌ಹೌಸಿನವನು ಅವರನ್ನು ಒಳಗೆ ಸೇರಿಸಿಕೊಂಡು ಆಮೇಲೆ ಡ್ರಮ್ಮು ಬಡಿದದ್ದು.

ಅವಳು ಮಾತ್ರ ಹೆಂಗಸರ ನಡುವೆ ನಿಲ್ಲಲಿಲ್ಲ. ಶಾಲೆಯೊಳಗೆ ಬಂದು, ಅತ್ತೆಯ ತೊಡೆಯ ಮೇಲಿದ್ದ ಮಗಳನ್ನು ಎಬ್ಬಿಸಿ, ಮೂಗು ಒರೆಸಿ, ಕೈ ಹಿಡಿದು ಕರೆದುಕೊಂಡು ಹೋದಳು.

ಅಂದಿನ ಮೇಲೆ ಪಂಪ್‌ಹೌಸಿಗೂ ನನ್ನ ಹಾಗೆ ಒಬ್ಬರು ಕಾಯುವವರು ಬೇಕೆಂದು ತೀರ್ಮಾನವಾಯಿತು. ಅದಕ್ಕೆ ಅವಳನ್ನೇ ಆರಿಸಿದರು. ಯಾರೂ ಜಗಳ ತೆಗೆಯಲಿಲ್ಲ. ಮಳೆ ಬಲವಾಗಿ ಹಲಸು ಮುಗಿಯುವ ಹೊತ್ತಿಗೆ ಆನೆ ಹೊಳೆ ದಾಟಿ ಆಚೆಯ ಕಾಡಿಗೆ ಹೋಯಿತು. ಮುಂದಿನ ವರ್ಷ ಬೇರೆ ಆನೆಗಳು ಬಂದವು, ಹೋದವು. ನಾನು ವಿರಾಜಪೇಟೆಗೆ ವರ್ಗವಾಗಿ ಹೋಗುವವರೆಗೂ ಆ ಕ್ರಮ ನಡೆದುಕೊಂಡು ಬಂತು.

ಹೊರಡುವ ಮುಂಚೆ ಒಂದು ದಿನ ಹೊಳೆಗೆ ಇಳಿದು ಅವಳನ್ನು ನೋಡಲು ಹೋದೆ. ಪಂಪ್‌ಹೌಸಿನ ಮೆಟ್ಟಿಲಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಕೂತೆ. ಹೊಳೆ ಕೆಂಪಾಗಿ ತುಂಬಿ ಹರಿಯುತ್ತಿತ್ತು.

"ಇಲ್ಲಿ ಒಬ್ಬಳೇ ಇರುವಾಗ ಹೆದರಿಕೆ ಆಗೋದಿಲ್ವಾ?" ಎಂದು ಕೇಳಿದೆ.

"ಆಗುತ್ತೆ ಟೀಚರಮ್ಮ," ಎಂದಳು. "ಬಾರಿಸೋಕೆ ಮುಂಚೆ ಆಗುತ್ತೆ. ಬಾರಿಸಿದ ಮೇಲೆ ಇನ್ನೂ ಜಾಸ್ತಿ. ಯಾರಿಗೆ ಕೇಳ್ತು, ಯಾರಿಗೆ ಕೇಳಲಿಲ್ಲ, ಜನ ಮನೆಗೆ ಬರೋ ತನಕ ಗೊತ್ತಾಗಲ್ವಲ್ಲ."

ನನಗೂ ಹಾಗೇ ಆಗಿತ್ತು ಎಂದು ಹೇಳಿದೆ. ಅವಳು ಒಂದು ಎಲೆಗೆ ಸುಣ್ಣ ಹಚ್ಚಿ, ಮಡಿಸಿ ನನ್ನ ಕೈಗೆ ಕೊಟ್ಟಳು.